ಅಲ್ಲಿಯ ನಡುರಾತ್ರಿ, ನಮ್ಮ ಎಂಟು ಗಂಟೆ

ರೋಲಾದ ಮೂರನೇ ಮಹಡಿಯ ನಮ್ಮ ಊಟದ ಮೇಜಿನ ಮೇಲೆ
ತಿಂಗಳಿಂದ ಬಂಗುಡೆ ಇಲ್ಲ, ಬಟ್ಟಲಿಲ್ಲ.
ದಿಲ್ಲಿ, ಲಂಡನ್, ತೈಪೆ, ಶಾಮೆನ್
ಕಾಲು ಚಾಚಿ ಕೂತಿವೆ.
ನಾವು ಮೂವರೂ ನೆಲದಲ್ಲಿ ಉಣ್ಣುತ್ತೇವೆ.

ಮೇದಿನಿ ಪೆನ್ಸಿಲಿನಲ್ಲಿ ಗೀಟು ಹಾಕಿದ್ದಾಳೆ:
ಇಲ್ಲಿ ಹಳೆಯ ಚೀನಿ ಕಲಿಸುತ್ತಾರೆ, ಇಲ್ಲಿಲ್ಲ.
ಇಲ್ಲಿ ಕೊನೆಯ ವರ್ಷ ಮಾತ್ರ ಆ ದೇಶಕ್ಕೆ ಕಳಿಸುತ್ತಾರೆ.
ಇಲ್ಲಿ ಬರೀ ವ್ಯಾಪಾರದ ಮಾತು.
ನಾನು ಆಚೆ ಬದಿಯಿಂದ ಗೀಟು ಹಾಕುತ್ತ ಬಂದೆ:
ಸಂಬಳ ಇಷ್ಟು, ಬಾಡಿಗೆ ಕಳೆದರೆ ಇಷ್ಟು,
ಕಳೆದು ಕಳೆದು ಕಾಗದದ ಅಂಚು ಬಂತು.

"ದಿಲ್ಲಿ ಆರೆ ನಮ್ದೇ ಅಲ್ದಾ" ಅಂದಳು ಜಲಜ.
ಇಲ್ಲೇ ಹುಟ್ಟಿದವಳು ನಕ್ಕಳು:
"ದಿಲ್ಲಿ ಅಂತ ನಾನು ನೋಡಿದ್ದು
ಒಂದು ವಿಮಾನ ಇಳಿದು ಇನ್ನೊಂದಕ್ಕೆ ಓಡುವ ದಾರಿ, ಅಮ್ಮ.
ಚೀನಾ ನೋಡಿದ್ದು ಅಪ್ಪನ ಗೋಡೌನಿನಲ್ಲಿ, ರಜೆ ಇದ್ದಾಗಲೆಲ್ಲ."

ಹೌದು. ಹದಿನೆಂಟು ವರ್ಷ
ಡ್ರ್ಯಾಗನ್ ಮಾರ್ಟಿನ ಹಿಂಬಾಗಿಲಲ್ಲಿ ನಿಂತು
ಚೀನಾ ಇಳಿಸಿದ್ದೇನೆ. ನಲ್ಲಿ, ಟೈಲ್ಸು, ತೂಗುದೀಪ,
ಯಾರದೋ ಮದುವೆ ಹಾಲಿನ ಆಳೆತ್ತರದ ಕನ್ನಡಿ.
ಡಬ್ಬಿ ಡಬ್ಬಿಯ ಮೇಲೂ ಅವೇ ಎರಡು ಅಕ್ಷರ.
ಮೊದಲನೆಯದು ಮೂರು ಗೀಟು,
ಎರಡನೆಯದು ಬಾಣಲೆಯಿಂದ ಸಿಡಿದ ಸಾಸಿವೆಯ ಹಾಗೆ.
ಕಂಡರೆ ಕೈ ತಾನೇ ಮೆತ್ತಗಾಗುತ್ತದೆ.
ಓದಲು ಬಾರದು. ಒಡೆದದ್ದೂ ಇಲ್ಲ.

ಏಳನೇ ಕ್ಲಾಸಿನಲ್ಲಿ ಅವಳೇ ಓದಿ ಹೇಳಿದಳು.
"ಅಪ್ಪ, ಇದು ಸಣ್ಣ, ಇದು ಮನಸ್ಸು.
ಎರಡೂ ಸೇರಿದರೆ, ಹುಷಾರು ಅಂತ."
ನಮ್ಮಲ್ಲಿ ಸಣ್ಣ ಮನಸ್ಸಿನವರೆಂದರೆ
ಬಾವಿಯ ಹಗ್ಗ ಬಚ್ಚಿಡುವವರು.
ಅವರಲ್ಲಿ, ಗಾಜು ಹೊರುವವರು.
ಅವತ್ತೇ ಗೊತ್ತಾಗಬೇಕಿತ್ತು ನನಗೆ.

"ಡಿಗ್ರಿ ಯಾಕೆ?" ಅಂದಿದ್ದಳು ಮ್ಯಾಡಂ ಲಿನ್.
"ಚೌಕಾಸಿ ಬರುತ್ತದಲ್ಲ. ನಾಳೆಯೇ ಕೌಂಟರಿಗೆ ಬರಲಿ,
ಮೂರು ಸಾವಿರ ಕೊಡುತ್ತೇನೆ."
ಮಗಳಿಗೆ ಹೇಳಲಿಲ್ಲ. ಜಲಜಳಿಗೆ ಹೇಳಿದೆ.
ದೀಪ ಆರಿಸಿ, ಸ್ವಲ್ಪ ಹೊತ್ತು, ಇಬ್ಬರೂ ಆಸೆಪಟ್ಟೆವು.

ನಿನ್ನೆ ಕೊನೆಯ ದಿನ.
ಅಲ್ಲಿಯ ನಡುರಾತ್ರಿ ಅಂದರೆ ನಮ್ಮ ಎಂಟು ಗಂಟೆ.
ನೀವು ಬಂದ ಮೇಲೆ ಕೂತು ನೋಡುವ, ಅಂದಿದ್ದಳು.
ಜೆಬೆಲ್ ಅಲಿಯಿಂದ ಬರಬೇಕಿದ್ದ ಕಂಟೇನರ್
ನಿನ್ನೆಯೇ ತಡವಾಗಬೇಕೆ.
ಏಳು ಐವತ್ತೆರಡಕ್ಕೆ ಜೇಬು ನಡುಗಿತು.
ಬ್ಯಾಂಕಿನ ಮೆಸೇಜು. ನನ್ನ ಕಾರ್ಡಿನಿಂದ ಹೋದದ್ದು
ರೂಪಾಯಿಯಲ್ಲ, ಪೌಂಡಲ್ಲ,
ಯುವಾನ್.
ಮಗಳು ಎಲ್ಲಿಗೆ ಹೊರಟಳೆಂದು
ಮಗಳಿಗಿಂತ ಮೊದಲು ಬ್ಯಾಂಕು ಹೇಳಿತು.

ಲಿನ್ ಶಟರಿನ ಬೀಗ ಹುಡುಕುತ್ತಿದ್ದಳು.
"ಶಾಮೆನ್," ಅಂದೆ. "ಹಾಯ್?"
ಅವಳು ಕೈ ಬೀಸಿ "ಹಾಯ್" ಅಂದಳು.
ಇಲ್ಲ, ಇಲ್ಲ. ಮೇದಿನಿ ಹೇಳಿಕೊಟ್ಟದ್ದು ನೆನಪಾಯಿತು.
ಮೂರನೇ ಸ್ವರ: ಇಳಿಯಬೇಕು,
ತಳ ಮುಟ್ಟಿ ಏಳಬೇಕು.
ಕೋಡಿಯಲ್ಲಿ ದೋಣಿ ನೂಕುವಾಗ
ನನ್ನಪ್ಪನ ಕೂಗು ಹೀಗೇ ಇಳಿದು ಏಳುತ್ತಿತ್ತು,
ಅವರಿಗೆ ಯಾವ ಯೂನಿವರ್ಸಿಟಿ ಕಲಿಸಿತ್ತೋ.
ಕೈಯಲ್ಲಿ ಒಂದು ಅಲೆ ಮಾಡಿ ಮತ್ತೆ ಅಂದೆ.

ಓ, ಅಂದಳು ಲಿನ್. ಇದೆ, ಕಡಲು ಇದೆ.
ಊರು ಹುಟ್ಟಿದ್ದೇ ದ್ವೀಪದಲ್ಲಿ.
ಮಳೆ. ಮೀನು ಬಹಳ. ಮುಳ್ಳೂ ಬಹಳ.
ಬೀಗ ಕೈಯಲ್ಲೇ ಹಿಡಿದು
ಅವಳು ಯಾಕೋ ಶಟರ್ ಎಳೆಯಲೇ ಇಲ್ಲ ತುಂಬ ಹೊತ್ತು.

ಮನೆಗೆ ಬಂದರೆ ಮೇಜು ಖಾಲಿ, ಬಟ್ಟಲು ಮೂರು,
ಬಂಗುಡೆಯ ಪರಿಮಳ.
"ಕೇಳದೆ ಕಾರ್ಡು..." ಅಂತ ಬಾಗಿಲಲ್ಲೇ ಶುರು ಮಾಡಿದಳು.
ಬೈಯಬೇಕೆಂದು ದೇರಾ ದಾಟುವವರೆಗೂ ಅಂದುಕೊಂಡಿದ್ದೆ.
ಆಮೇಲೆ ಬಸ್ಸಿಡೀ ಬಾಯಿಪಾಠ ಮಾಡಿದ್ದು
ಒಂದೇ ಒಂದು ಪದ.

"ಹಾಯ್" ಅಂದೆ.

ಅವಳು ತಲೆಯೆತ್ತಿ ನೋಡಿದಳು.
"ಇನ್ನೂ ಕೆಳಗಿಂದ, ಅಪ್ಪ."