ಮೈಲುತುತ್ತದ ಬಣ್ಣ

ಮಾರ್ಕೆಟ್ ರಸ್ತೆಯ ಗುಜರಿಯಲ್ಲಿ ತೂಕಕ್ಕೆ ಬಿದ್ದಿತ್ತು,
ತಕ್ಕಡಿಯಲ್ಲಿ ಅದರ ಜೊತೆ ಎರಡು ಸೈಕಲ್ ರಿಮ್ಮು.
'ಒಂಬತ್ತೂವರೆ ಕೆ.ಜಿ. ಬುದ್ಧಿ,' ಅಂದ ಇದಾಯತ್,
ಕಬ್ಬಿಣದ ರೇಟಿಗೇ ಕೊಟ್ಟ.

ಉಪ್ಪಳ್ಳಿಯ ಅಂಗಡಿಗೆ ತಂದು ಮುಚ್ಚಳ ಬಿಚ್ಚಿದೆ.
ಮೊದಲು ಉದುರಿದ್ದು ಕಾಫಿಹೊಟ್ಟು,
ಫ್ಯಾನಿನ ರೆಕ್ಕೆಯಿಂದ, ತಂತಿಯ ಸಂದಿಯಿಂದ,
ಒಂದು ಹಿಡಿಗೂ ಹೆಚ್ಚು.
ಆಮೇಲೆ ಫ್ಲಾಪಿಯ ಬಾಯಿ ಪಕ್ಕ ಒಣಗಿದ ಕುಂಕುಮ,
ಯಾವ ವರ್ಷದ ಆಯುಧಪೂಜೆಯದೋ.
ಆಮೇಲೆ ಮೂಲೆಯಲ್ಲಿ ಅದು:

ಬೆರಳುದ್ದದ ಬ್ಯಾಟರಿ, ನೀಲಿ ಅಂಗಿ ಹರಿದು
ಒಳಗಿನದನ್ನೆಲ್ಲ ಕಾರಿಕೊಂಡಿದೆ.
ಸುತ್ತ ಅಂಗೈಯಗಲ ಹಸಿರು,
ತೋಟಕ್ಕೆ ಬೋರ್ಡೋ ಹೊಡೆದ ದಿನ
ಡ್ರಮ್ಮಿನ ಅಂಚಿಗೆ ಕಟ್ಟಿದ ಮೈಲುತುತ್ತದ ಹಾಗೆ.

ಅದಕ್ಕಿದ್ದ ಕೆಲಸ ಒಂದೇ,
ಕರೆಂಟಿಲ್ಲದಾಗ ಹೊತ್ತೆಷ್ಟೆಂದು ನೆನಪಿಡುವುದು.
ಕ್ಯೂರಿಂಗ್ ವರ್ಕ್ಸಿಗೆ ಬೀಗ ಬಿದ್ದ ಮೇಲೂ
ಕತ್ತಲಲ್ಲಿ ಎಣಿಸುತ್ತಲೇ ಇದ್ದಿರಬೇಕು, ಯಾರೂ ಕೇಳದಿದ್ದರೂ.
ಎಣಿಸಿ ಸಾಕಾಗಿ ಸೋರಿತು.
ಸೋರಿದ್ದು ತಾಮ್ರದ ದಾರಿಗಳನ್ನೇ ತಿಂದಿತು.

ಗೋಬಿ ಗಾಡಿಯಿಂದ ಅರ್ಧ ಲೋಟ ವಿನಿಗರ್ ಕಡ ತಂದೆ.
ಕ್ಷಾರಕ್ಕೆ ಹುಳಿಯೇ ಮದ್ದು.
ಹಲ್ಲುಜ್ಜುವ ಬ್ರಷ್ಷಿನಲ್ಲಿ ಸೋಕಿಸಿದರೆ ಬುಸ್ಸೆಂದು ನೊರೆ,
ಅಂಗಡಿಯೆಲ್ಲ ಮಂಚೂರಿ ವಾಸನೆ.
ಟೇಬಲ್ ಫ್ಯಾನು ಒಯ್ಯಲು ಬಂದವನೊಬ್ಬ ಇಣುಕಿ
'ಒಂದು ಹಾಫ್ ಪ್ಲೇಟು' ಅಂದ.

ದೇವೀರಮ್ಮ ನಗಲಿಲ್ಲ.
ಮಿಕ್ಸಿ ಜಾರು ಕಂಕುಳಲ್ಲಿ ಅವುಚಿಕೊಂಡೇ
ಕುಂಕುಮ ನೋಡುತ್ತ ನಿಂತರು.
'ಇದು ನಮ್ಮ ಆಫೀಸಿಂದು. ಆ ಬೊಟ್ಟು ನಾನಿಟ್ಟಿದ್ದು.'
ನಿಮ್ಮ ಹೆಸರು ಅಂದರೆ
'ಗಾರ್ಬ್ಲಿಂಗ್ ಸೆಕ್ಷನ್, ನೂರಾ ಹದಿನೇಳು' ಅಂದರು.
ಹೆಸರು ಹೇಳಿದರೆ ಇದಕ್ಕೆ ಗೊತ್ತಾಗುತ್ತಿರಲಿಲ್ಲವಂತೆ.

ಬೆಲ್ಟಿನ ಮುಂದೆ ಕೂತು ಕರಿಕಾಳು ಹೆಕ್ಕಿದ್ದು ಇಪ್ಪತ್ತಾರು ವರ್ಷ.
ಪಿ.ಎಫ್. ಆಫೀಸಿನವರ ಪುಸ್ತಕದಲ್ಲಿ ಹನ್ನೊಂದೇ.
ಮಿಕ್ಕ ಹದಿನೈದು ಇದರ ಹೊಟ್ಟೆಯಲ್ಲಿದೆ ಅನ್ನುವುದು ಅವರ ಲೆಕ್ಕ.
ನನ್ನ ಲೆಕ್ಕ ಬೇರೆ ಇತ್ತು, ಬಿಡಿಭಾಗ ಮಾರುವುದು.
ಬಾಯಿ ಬಿಡಲಿಲ್ಲ.

ಮೀಟರಿನ ಕಡ್ಡಿ ಇಟ್ಟು ಗೆರೆ ಗೆರೆಯನ್ನೂ ಕೇಳುತ್ತ ಹೋದೆ.
ಕೂಗಿದರೆ ಬದುಕಿದೆ. ಕೂಗದಿದ್ದರೆ
ಸುಟ್ಟ ಫ್ಯಾನಿನ ಸುರುಳಿಯಿಂದ ಕೂದಲೆಳೆ ತಾಮ್ರ ಬಿಚ್ಚಿ
ಇಲ್ಲಿಂದ ಅಲ್ಲಿಗೊಂದು ಹೊಲಿಗೆ.
ಹದಿನಾಲ್ಕು ಹೊಲಿಗೆ ಹಾಕಿದೆ. ಪರದೆ ಕಪ್ಪಾಗಿಯೇ ಇತ್ತು.
ಮೂರು ರಾತ್ರಿ ಭೂತಗನ್ನಡಿಯಲ್ಲಿ ಹುಡುಕಿ
ಕಣ್ಣಲ್ಲಿ ನೀರು ಬಂತು, ಬೇರೇನೂ ಸಿಗಲಿಲ್ಲ.

ನಾಲ್ಕನೆಯ ದಿನ ಅವರು ಸ್ಟೂಲೆಳೆದು ಕೂತರು.
ಬೋರ್ಡನ್ನು ಬೆಳಕಿಗೆ ಓರೆ ಹಿಡಿ ಅಂದರು,
ಕನ್ನಡಕ ತೆಗೆದಿಟ್ಟರು.
ಎಡದಿಂದ ಬಲಕ್ಕೆ, ಬೆಲ್ಟು ಹರಿಯುವ ವೇಗದಲ್ಲಿ,
ತಲೆ ಮಾತ್ರ ತಿರುಗಿತು.
ಉಗುರು ಇಳಿಯಿತು.
'ಇಲ್ಲೊಂದು ಕಡ್ದೋಗೈತೆ ನೋಡು.'

ಚಿಪ್ಪಿನ ನೆರಳಲ್ಲಿ, ಹಸಿರಿಗೂ ತಿರುಗದೆ,
ಬರೀ ಮಂಕಾಗಿದ್ದ ಗೆರೆ.

ಹೊಸ ಸೆಲ್ಲನ್ನು ಬೋರ್ಡಿನ ಮೇಲೆ ಕೂರಿಸಲಿಲ್ಲ.
ತಂತಿ ಎಳೆದು, ಡಬ್ಬದ ಆಚೆ, ಗೇಣು ದೂರದಲ್ಲಿ ಕಟ್ಟಿದೆ.
ಈ ಸಲ ಸೋರಿದರೆ ಹೊರಗೇ ಸೋರಲಿ.

ಸ್ವಿಚ್ಚು ಒತ್ತಿದೆ. ಒಂದು ಪೀಪ್.
ಒಳಗಿನ ಡಿಸ್ಕು ಕೆಮ್ಮಿತು, ತಡೆಯಿತು, ಮತ್ತೆ ಕೆಮ್ಮಿತು.
ಅದು ಇನ್ನೂ ಏನೂ ಹೇಳಿಲ್ಲ.
ಫ್ಲಾಪಿಯಿಂದ ಎದ್ದ ಹಳದಿ ಅಕ್ಷರಗಳು ಮಾತ್ರ
ಪರದೆಯ ಮೇಲೆ ನಿಂತು ಕೇಳಿದವು:
ಇವತ್ತು ಮಂಗಳವಾರ, ಜನವರಿ ಒಂದು,
ಸಾವಿರದ ಒಂಬೈನೂರ ಎಂಬತ್ತು.
ಅಲ್ಲವಾದರೆ ಸರಿಯಾದ ದಿನ ಯಾವುದು?

ಓದಿ ಹೇಳಿದೆ.
ದೇವೀರಮ್ಮ ಸೆರಗಲ್ಲಿ ಕನ್ನಡಕ ಒರೆಸುತ್ತಿದ್ದರು.
'ಮಂಗಳವಾರ ಬ್ಯಾಡ,' ಅಂದರು,
'ಶನಿವಾರ ಹಾಕು. ಬಟವಾಡೆ ದಿನ.'