ಎರಡು ಝ್ಲೋಟಿಗೆ ಒಂದು ಗಂಟೆ

ರಾದೋಮ್ ಊರಿನ ಆಸ್ಪತ್ರೆ, ಮೂಳೆ ವಿಭಾಗ,
ಮೂರನೆಯ ಮಹಡಿ, ಹೆಂಗಸರ ವಾರ್ಡು.
ಗೋಡೆಗೆ ಬಿಗಿದ ಟಿ.ವಿ.ಯ ಮಗ್ಗುಲಲ್ಲಿ
ಬೀಗ ಜಡಿದ ಕಬ್ಬಿಣದ ಹುಂಡಿ:
ಎರಡು ಝ್ಲೋಟಿ ನುಂಗಿದರೆ
ಒಂದು ಗಂಟೆ ಲೋಕ ತೋರಿಸುತ್ತದೆ.

ಎಡಕ್ಕೆ ತೆಕ್ಲಾ, ಸೊಂಟಕ್ಕೆ ಹೊಸ ಕೀಲು.
ಬಲಕ್ಕೆ ಯಾದ್ವಿಗಾ, ಮಂಡಿಯಲ್ಲಿ ಮೂರು ಮೊಳೆ.
ನಡುವೆ ನಾನು, ಕಾಲು ರಾಟೆಗೆ ತೂಗುಬಿದ್ದವಳು,
ಮೂವತ್ತೊಂದು ವರ್ಷ ತೂಕ-ಅಳತೆ ಇಲಾಖೆಯಲ್ಲಿ
ಸಂತೆ ಸಂತೆ ಅಲೆದು ತಕ್ಕಡಿ ಪರೀಕ್ಷಿಸಿದವಳು.

ಮೊದಲ ದಿನ ಇಬ್ಬರೂ ಒಂದೇ ಸೀಸೆಯ
ಪ್ಲಮ್ ಜಾಮು ನೆಕ್ಕಿದರು.
ಇವಳ ಹೊಲಿಗೆ ಉರಿದರೆ ಅವಳು ಅಯ್ಯೋ ಅಂದಳು.
ಎರಡನೆಯ ಸಂಜೆ ವಾರ್ತೆಯ ಹೊತ್ತಿಗೆ ಗೊತ್ತಾಯಿತು:
ಇವಳದು ಒಂಬತ್ತನೆಯ ಚಾನೆಲ್ಲು, ಅವಳದು ಹದಿನಾಲ್ಕು.

ಅಷ್ಟೇ. ಆಮೇಲೆ ಸೀಸೆಯ ಮುಚ್ಚಳ ತೆರೆಯಲಿಲ್ಲ.

ಗಂಟೆ ಪಾಲಾಯಿತು: ಬೆಸ ಇವಳಿಗೆ, ಸರಿ ಅವಳಿಗೆ.
(ಸರಿ ಯಾರದೆಂಬ ಜಗಳಕ್ಕೆ ಅದೂ ಒಂದು ನೆಪ.)
ಅವಳ ಗಂಟೆಯಲ್ಲಿ ಇವಳು ಕಣ್ಣು ಮುಚ್ಚಿ
ಜಪಮಣಿ ಎಣಿಸುತ್ತಾಳೆ, ಎಣಿಕೆ ತಪ್ಪುತ್ತಾಳೆ.
ಇವಳ ಗಂಟೆಯಲ್ಲಿ ಅವಳ ಕಿವಿಗೆ ಹತ್ತಿ.

ಭಾನುವಾರ ದಾದಿಯರ ಮೆರವಣಿಗೆ, ಸಂಬಳಕ್ಕಾಗಿ.
ಒಂಬತ್ತರ ಕ್ಯಾಮೆರಾ ಕಾಗೆಯ ಎತ್ತರದಿಂದ ನೋಡಿತು:
ನಾಲ್ಕು ಗುಂಪು, ನಡುವೆ ಖಾಲಿ ಕಲ್ಲುಹಾಸು,
ಒಡೆದ ಒಂದು ಅಂಗಡಿ ಗಾಜು.
ಆ ಗಾಜನ್ನು ಹನ್ನೊಂದು ಸಲ ಒಡೆದರು.
ನಾನು ಎಣಿಸಿದೆ. ಹಳೆಯ ಚಟ.

ಹದಿನಾಲ್ಕರ ಕ್ಯಾಮೆರಾ ಮಂಡಿಯೂರಿ ನೋಡಿತು:
ಮುಖದ ಮೇಲೆ ಮುಖ, ತಲೆಗಳ ಕಡಲು,
ಅಳುವ ಹುಡುಗಿಯೊಬ್ಬಳ ಕೆನ್ನೆ ಗೋಡೆ ತುಂಬಿತು.
ಅಲ್ಲಿ ಗಾಜು ಒಡೆಯಲೇ ಇಲ್ಲ.

ಸುಳ್ಳು ಯಾರೂ ಹೇಳಲಿಲ್ಲ. ನನ್ನ ಕಷ್ಟ ಅದೇ.
ಕಳ್ಳ ಬಟ್ಟು ಇಟ್ಟವರನ್ನು ಹಿಡಿದಿದ್ದೇನೆ,
ತಟ್ಟೆಯಡಿ ಮೇಣ ಮೆತ್ತಿದವರನ್ನೂ.
ಆದರೆ ಆಲೂಗಡ್ಡೆ ಮಾರುವ ಒಬ್ಬನಿದ್ದ:
ಬಟ್ಟು ಸರಿ, ದಂಡಿಗೆ ಸರಿ, ಮುಳ್ಳೂ ಸರಿ,
ತಕ್ಕಡಿ ಕೂತ ಕಟ್ಟೆ ಮಾತ್ರ ಒಂದು ಬೆರಳು ಓರೆ.
ಅವನಿಗೆ ದಂಡ ಹಾಕಲು
ಕಾಯಿದೆಯಲ್ಲಿ ಕಲಮು ಇರಲಿಲ್ಲ.

"ಆ ಮಿರ್ಕಾ ದುಡ್ಡು ತಿಂದು ಕೂಗುತ್ತಾಳೆ" ಅಂದಳು ತೆಕ್ಲಾ.
ರಾತ್ರಿ ಪಾಳಿ ಮುಗಿಸುವ ಮುನ್ನ ಅದೇ ಮಿರ್ಕಾ
ಬಿಸಿನೀರಲ್ಲಿ ಇವಳ ಬೆನ್ನು ಒರೆಸಿದ್ದಳು.
"ನಿನ್ನಂಥವರಿಂದಲೇ ದೇಶ ಕೆಟ್ಟದ್ದು" ಯಾದ್ವಿಗಾ.
ದೇಶವೆಂದರೆ ಆಗ
ಒಂಬತ್ತು ಹೆಜ್ಜೆಯ ಕೋಣೆ, ಮೂರು ಮಂಚ, ಮೂರು ಬೆಡ್‌ಪ್ಯಾನು.

ನೆಲ ಒರೆಸಲು ಲೆಸ್ಯಾ ಬಂದಳು,
ಗಡಿಯಾಚೆ ಮನೆ ಸುಟ್ಟುಕೊಂಡು ಬಂದವಳು,
ಈ ನೆಲದಲ್ಲಿ ಓಟಿಲ್ಲದವಳು.
ಒದ್ದೆ ಆರಲೆಂದು ಕಿಟಕಿ ತೆರೆದಳು.

ನುಗ್ಗಿತು ಸದ್ದು.
ಡೋಲು, ಸೀಟಿ, ಗೊರಗೊರ ಮೈಕು,
ಯಾರೋ ಕೆಮ್ಮಿದ್ದು, ಯಾರೋ ತಾಳ ತಪ್ಪಿ ಹಾಡಿದ್ದು,
ಕೈಬಿಟ್ಟು ಓಡಿದ ಮಗುವನ್ನು ತಾಯಿ ಗದರಿದ್ದು.
ಮೆರವಣಿಗೆ ನಮ್ಮ ಕಿಟಕಿಯ ಕೆಳಗೇ ಇತ್ತು.

"ಮುಚ್ಚೇ ಅದನ್ನ! ವಾರ್ತೆ ಕೇಳಿಸುತ್ತಿಲ್ಲ!"

ಇಬ್ಬರೂ, ಒಟ್ಟಿಗೆ.
ನಾಲ್ಕು ದಿನದಲ್ಲಿ ಇಬ್ಬರ ಬಾಯಲ್ಲೂ
ಒಂದೇ ಆಗಿ ಬಂದ ಮಾತು ಅದೊಂದೇ.

ಲೆಸ್ಯಾ ಮುಚ್ಚಿದಳು.
"ಎಷ್ಟು ಜನ?" ಮೆಲ್ಲಗೆ ಕೇಳಿದೆ.
ಬಟ್ಟೆ ಹಿಂಡುತ್ತ ತಡೆದು ಅಂದಳು:
"ಎಣಿಸಲಿಲ್ಲ. ಮಿರ್ಕಾ ಟೋಪಿ ಹಾಕಿಲ್ಲ.
ಹೊರಗೆ ಚಳಿ."

ಹುಂಡಿ ಟಕ್ಕೆಂದಿತು, ಗಂಟೆ ತೀರಿತು.
ಕಪ್ಪು ಗಾಜಿನೊಳಗೆ ನಮ್ಮ ಮೂರು ಮಂಚ,
ನನ್ನದೂ ಸೇರಿ, ಒಂದೇ ಕಡೆಗೆ ಓರೆ.
ದಿಂಬಿನಡಿ ನನ್ನದೊಂದು ನಾಣ್ಯವಿತ್ತು.
ಹಾಕಲಿಲ್ಲ. ಮುಷ್ಟಿಯಲ್ಲಿ ತೂಗಿ ನೋಡಿದೆ:
ಐದು ಗ್ರಾಮು, ಮೇಲೊಂದಿಷ್ಟು.