ಏಳನೇ ಪ್ರಶ್ನೆ

ಬೂಟು ಬಿಚ್ಚಬೇಡ, ನೆಲ ಕೊರೆಯುತ್ತದೆ. ಕೂತುಕೋ.
ಉಪ್ಪು ಹಾಕಿದ ಚಹಾ, ಆರುವ ಮೊದಲು ಕುಡಿ.
ಹುಟ್ಟಿದಾಗ ತೂಕ ಎಷ್ಟು ಅಂದೆಯಲ್ಲ,
ಏಳನೇ ಪ್ರಶ್ನೆ, ಬೆರಳಿಟ್ಟು ತೋರಿಸಿದೆಯಲ್ಲ,
ಆಸ್ಪತ್ರೆಯವರ ಚೀಟಿ ಇತ್ತು ಮಗಳೇ.
ಮೊದಲ ಚಳಿಗಾಲದಲ್ಲೇ, ಒಲೆ ಹತ್ತದ ಒಂದು ಬೆಳಗ್ಗೆ
ಅವನಪ್ಪ ಅದನ್ನು ಚಕ್ಕೆಯ ಕೆಳಗೆ ತುರುಕಿ ಕಡ್ಡಿ ಗೀರಿದ.
ನಾನು ಬೈಯಲಿಲ್ಲ. ಹೊರಗೆ ಮೈನಸ್ ಮೂವತ್ತೆಂಟು.

ಸಂಖ್ಯೆ ಮರೆತಿದೆ. ತೂಕ ಮರೆತಿಲ್ಲ.
ಕುರಿಮರಿಯಲ್ಲಿ ಅರ್ಧ, ಅಂದಿದ್ದಳು ಅಮ್ಮ.
ಒಂದು ಕೈಯಲ್ಲಿ ಅವನು, ಇನ್ನೊಂದರಲ್ಲಿ ಕಲ್ಲಿದ್ದಲ ಬಕೆಟ್ಟು,
ಮೈ ಯಾವಾಗಲೂ ಬಕೆಟ್ಟಿನ ಕಡೆಗೇ ವಾಲುತ್ತಿತ್ತು.

ಅಜ್ಜ ಅವನ ಕಿವಿಯಲ್ಲಿ ಮೂರು ಸಲ ಊದಿದ: ಎನೆಬಿಶ್.
ನಗಬೇಡ, ಈಗ ಯಾರೂ ಇಡುವುದಿಲ್ಲ, ಗೊತ್ತು.
‘ಇವನಲ್ಲ’ ಅಂತ ಕೂಗಿದರೆ
ಸಾವು ಪಕ್ಕದ ಬಾಗಿಲಿಗೆ ಹೋಗುತ್ತದಂತೆ.
ಹೋಯಿತು.
ಉಬ್ಬಸಕ್ಕೆ ಮಾತ್ರ ನಮ್ಮ ಮಾತು ತಿಳಿಯುವುದಿಲ್ಲ.

ಡಿಸೆಂಬರಿನಲ್ಲಿ ಈ ಗುಡ್ಡದಿಂದ ಕೆಳಗೆ ನೋಡು,
ಉಲಾನ್‌ಬಾತರ್ ಇರುವುದಿಲ್ಲ. ಒಂದು ಬೂದುಗಂಬಳಿ,
ಅದರಲ್ಲಿ ತೂತು ಕೊರೆದು ನಿಂತ ಚಿಮಣಿಗಳು.
ರಾತ್ರಿ ಅವನೆದೆಯಲ್ಲಿ ಯಾರೋ ಬಾಗಿಲು ಎಳೆದೆಳೆದು ಮುಚ್ಚುತ್ತಾರೆ.
ನೀಲಿ ಪಂಪು ತಲೆದಿಂಬಿನಡಿ. ನಾನೂ ಅವನ ಜೊತೆ ಎಣಿಸುತ್ತೇನೆ,
ಒಂದು, ಎರಡು, ಬಿಡು. ಒಂದು, ಎರಡು.

ದೊಡ್ಡವನದನ್ನೂ ಬರೆದುಕೋ.
ಎರ್ಖೆಸ್, ನಾಲ್ಕು ಕಿಲೋ ಇನ್ನೂರು. ಇದು ನೆನಪಿದೆ,
ಎರಡು ದಿನ ನೋವು ತಿಂದವಳಿಗೆ ಮರೆಯುವುದಿಲ್ಲ.
ಅವನಿಗೆ ಆಗಸ್ಟ್ ಆಗುವುದಿಲ್ಲ.
ಮಾಚಿಪತ್ರೆ ಹೂ ಬಿಟ್ಟರೆ ಕಣ್ಣು ಊದಿ, ಮೈ ಕೆರೆದು,
ಸೀನಿ ಸೀನಿ ಕುದುರೆಯಿಂದ ಬೀಳುವಷ್ಟಾಗುತ್ತಾನೆ.
ಹಗುರಾದವನಿಗೆ ಹೊಗೆ, ಭಾರದವನಿಗೆ ಹೂವು.
ನಿನ್ನ ಲೆಕ್ಕದಲ್ಲಿ ಇದಕ್ಕೆ ಮನೆ ಉಂಟೇ?

ಸಾವಿರ ಮಕ್ಕಳನ್ನು ಸೇರಿಸಿ ನೋಡಿದರೆ
ಏನೋ ಕಾಣಿಸಬಹುದು ಅನ್ನುತ್ತೀ. ಇರಬಹುದು.
ನನಗೆ ಇರುವುದು ಇಬ್ಬರು.
ಬಸುರಿಯಲ್ಲಿ ನಾನು ಉಂಡದ್ದು ಕಡಿಮೆಯಾಯಿತೇ,
ಈ ಒಲೆಯ ಮುಂದೆ ಕೂತದ್ದು ಹೆಚ್ಚಾಯಿತೇ?
ನಿನ್ನ ಹಾಳೆಯಲ್ಲಿ ಆ ಪ್ರಶ್ನೆ ಇಲ್ಲ.
ಇಲ್ಲದಿರುವುದೇ ಒಳ್ಳೆಯದು, ಉತ್ತರ ಬರೆದುಬಿಡುತ್ತಿದ್ದೆ.

‘ಗೊತ್ತಿಲ್ಲ’ ಅಂತ ಗುರುತು ಹಾಕುತ್ತೀಯಾ? ಹಾಕು.
ಕೆಮ್ಮುತ್ತಿದ್ದೀಯಲ್ಲ ನೀನೂ.
ನೀನು ಹುಟ್ಟಿದಾಗ ಎಷ್ಟಿದ್ದೆ,
ನಿಮ್ಮಮ್ಮನನ್ನು ಕೇಳಿದ್ದೀಯಾ ಎಂದಾದರೂ?

ಇರು, ಒಲೆ ಆರುತ್ತಿದೆ.
ಆ ಬಕೆಟ್ಟು ಇತ್ತ ಕೊಡು.
ಎರಡೂ ಕೈ ಹಾಕು, ತೂಕವಿದೆ.